ಟಿಕೆಟ್ ಒಳಗೆ ಏನೇನು ಸೇರಿದೆ ನೋಡಿ

ರೈಲು ಟಿಕೆಟ್‌ನಲ್ಲಿ ದುಡ್ಡು ಉಳಿಸುವ ಬಗ್ಗೆ ಕೇಳುವುದಿದ್ದರೆ ಬರೆಯಿರಿ ಎಂದು ಹೋದ ಸಂಚಿಕೆಯಲ್ಲಿ ಹೇಳಿದ್ದೆ. ಪತ್ರಗಳು ರಾಶಿ ಬಿದ್ದಿವೆ. ನಾನು 31 ವರ್ಷ ರಿಸರ್ವೇಶನ್ ಕೌಂಟರಿನ ಕಿಟಕಿಯೊಳಗೆ ಕೂತವಳು. ಅದರಲ್ಲಿ 11 ವರ್ಷ ಅರಸೀಕೆರೆಯಲ್ಲಿ. ಈಗಲೂ ಮದುವೆಮನೆಗೆ ಹೋದರೆ ಎಲೆ ಮುಂದೆ ಕೂತಾಗಲೇ ಯಾರಾದರೂ ಟಿಕೆಟ್ ವಿಷಯ ತೆಗೆಯುತ್ತಾರೆ. ನನಗೆ ಅದು ಖುಷಿ. ಗೊತ್ತಿರುವುದನ್ನು ಇನ್ನೊಬ್ಬರಿಗೆ ಹೇಳದೆ ಏನು ಮಾಡಲಿ?

ಪತ್ರಗಳಲ್ಲಿ ಹೆಚ್ಚಿನವರು ಕೇಳಿರುವುದು ಒಂದೇ. ಯಾವ ದಿನ, ಯಾವ ಹೊತ್ತಿನಲ್ಲಿ ಬುಕ್ ಮಾಡಿದರೆ ಅಗ್ಗ? ಇದಕ್ಕೆ ಮೊದಲೇ ಉತ್ತರ ಹೇಳಿಬಿಡುತ್ತೇನೆ. ನಮ್ಮ ಸಾಮಾನ್ಯ ಎಕ್ಸ್‌ಪ್ರೆಸ್ ರೈಲುಗಳಲ್ಲಿ ಸೋಮವಾರಕ್ಕೂ ಶನಿವಾರಕ್ಕೂ ದರ ಒಂದೇ. 60 ದಿನ ಮುಂಚೆ ತೆಗೆದರೂ ಅಷ್ಟೇ, ಎರಡು ದಿನ ಮುಂಚೆ ತೆಗೆದರೂ ಅಷ್ಟೇ. ವಿಮಾನದ ಟಿಕೆಟ್ ಥರ ಕಾದು ಕೂರುವುದು ಇಲ್ಲಿ ನಡೆಯುವುದಿಲ್ಲ. ಆದರೆ ಮೂಲ ದರದ ಮೇಲೆ ಹತ್ತು ಬಗೆಯ ಶುಲ್ಕ ಕೂರುತ್ತದೆ. ಯಾವುದನ್ನು ಕೊಡಲೇಬೇಕು, ಯಾವುದನ್ನು ಬಿಡಬಹುದು ಎಂದು ತಿಳಿದವರಿಗೆ ದುಡ್ಡು ಉಳಿಯುತ್ತದೆ.

ಪ್ರಶ್ನೆ: ತಿಂಗಳಿಗೆ ನಾಲ್ಕೈದು ಸಲ ಮಂಡ್ಯದಿಂದ ಬೆಂಗಳೂರಿಗೆ ಜನರಲ್ ಬೋಗಿಯಲ್ಲಿ ಹೋಗುತ್ತೇನೆ. ಅದೇ ಹಳಿ, ಅದೇ ದೂರ. ಒಂದು ಸಲ ಒಂದು ದರ, ಇನ್ನೊಂದು ಸಲ ಬೇರೆ ದರ. ಯಾಕೆ ಹೀಗೆ? (ಮಂಡ್ಯದ ಓದುಗರು)

ಕೌಂಟರಿನಲ್ಲಿ ನೀವು "ಬೆಂಗಳೂರು ಒಂದು" ಎಂದಷ್ಟೇ ಹೇಳುತ್ತೀರಿ ಅನ್ನಿಸುತ್ತದೆ. ಯಾವ ರೈಲು ಎಂದೂ ಹೇಳಿ. ದರ ಇರುವುದು ಅಲ್ಲೇ.

ಈ ಹಳಿಯ ಮೇಲೆ ಮೂರು ಬಗೆಯ ಟಿಕೆಟ್ ಇದೆ. ಪ್ಯಾಸೆಂಜರ್ ಮತ್ತು ಮೆಮು ರೈಲುಗಳಿಗೆ ಆರ್ಡಿನರಿ ದರ. ಅದರ ಕನಿಷ್ಠ ದರ 10 ರೂಪಾಯಿ. ಎಕ್ಸ್‌ಪ್ರೆಸ್ ರೈಲಿಗೆ ಅದಕ್ಕಿಂತ ಜಾಸ್ತಿ, ಕನಿಷ್ಠವೇ 30 ರೂಪಾಯಿ. ಸೂಪರ್‌ಫಾಸ್ಟ್ ಆದರೆ ಎಕ್ಸ್‌ಪ್ರೆಸ್ ದರದ ಮೇಲೆ ಇನ್ನೂ 15 ರೂಪಾಯಿ. ಕೋವಿಡ್ ಸಮಯದಲ್ಲಿ ಪ್ಯಾಸೆಂಜರ್ ರೈಲುಗಳನ್ನೂ ಸ್ಪೆಷಲ್ ಎಂದು ಓಡಿಸಿ ಎಕ್ಸ್‌ಪ್ರೆಸ್ ದರವನ್ನೇ ತೆಗೆದುಕೊಳ್ಳುತ್ತಿದ್ದರು. 10 ರೂಪಾಯಿಯ ಕನಿಷ್ಠ ದರ ಮತ್ತೆ ಬಂದದ್ದು 2024ರ ಫೆಬ್ರವರಿ ಕೊನೆಯಲ್ಲಿ. ಅದು ಬಂದಿರುವುದೇ ಎಷ್ಟೋ ಜನಕ್ಕೆ ಗೊತ್ತಿಲ್ಲ.

ಯಾವುದು ಯಾವ ಬಗೆ ಎಂದು ರೈಲಿನ ನಂಬರೇ ಹೇಳುತ್ತದೆ. 12, 20, 22 ಎಂದು ಶುರುವಾದರೆ ಸಾಮಾನ್ಯವಾಗಿ ಸೂಪರ್‌ಫಾಸ್ಟ್. 16, 17, 11 ಎಂದು ಶುರುವಾದರೆ ಬರೀ ಎಕ್ಸ್‌ಪ್ರೆಸ್. 5, 6, 7ರಿಂದ ಶುರುವಾದರೆ ಪ್ಯಾಸೆಂಜರ್, ಮೆಮು, ಡೆಮು. ನಿಮ್ಮ ದಾರಿಯಲ್ಲೇ ನೋಡಿ. ಒಡೆಯರ್ ಎಕ್ಸ್‌ಪ್ರೆಸ್, ಅಂದರೆ 2022ರವರೆಗೆ ಟಿಪ್ಪು ಎಕ್ಸ್‌ಪ್ರೆಸ್ ಆಗಿದ್ದ ಗಾಡಿ, 12613 ಮತ್ತು 12614. ಅದು ಸೂಪರ್‌ಫಾಸ್ಟ್. ಚಾಮುಂಡಿ ಎಕ್ಸ್‌ಪ್ರೆಸ್ 16215 ಮತ್ತು 16216. ಅದಕ್ಕೆ ಆ 15 ರೂಪಾಯಿ ಇಲ್ಲ. ಮೆಮು ಸಿಕ್ಕಿದರೆ ಇನ್ನೂ ಕಡಿಮೆ.

15 ರೂಪಾಯಿ ಏನು ಮಹಾ ಅನ್ನಿಸಬಹುದು. ಸ್ಲೀಪರ್‌ನಲ್ಲಿ ಅದೇ ಶುಲ್ಕ 30, ತ್ರೀ ಎಸಿ ಮತ್ತು ಟೂ ಎಸಿಯಲ್ಲಿ 45. ನಾಲ್ಕು ಜನ ಸ್ಲೀಪರ್‌ನಲ್ಲಿ ಹೋಗಿ ಬಂದರೆ 240 ರೂಪಾಯಿ ಬರೀ ಸೂಪರ್‌ಫಾಸ್ಟ್ ಶುಲ್ಕ. ಸರಾಸರಿ ವೇಗ ಗಂಟೆಗೆ 55 ಕಿಲೋಮೀಟರ್ ಮುಟ್ಟಿದರೆ ಸೂಪರ್‌ಫಾಸ್ಟ್ ಎಂದು ಲೆಕ್ಕ. ರಾತ್ರಿ ಮಲಗಿ ಬೆಳಿಗ್ಗೆ ಇಳಿಯುವ ಪ್ರಯಾಣದಲ್ಲಿ ಅರ್ಧ ಗಂಟೆ ಹಿಂದುಮುಂದಾದರೆ ನಷ್ಟವೇನಿಲ್ಲ, ಅಲ್ವಾ?

ಒಂದು ಎಚ್ಚರಿಕೆ. ಆರ್ಡಿನರಿ ಟಿಕೆಟ್ ಹಿಡಿದು ಎಕ್ಸ್‌ಪ್ರೆಸ್ ಹತ್ತಬೇಡಿ. ಟಿಟಿಇ ಬಂದರೆ ವ್ಯತ್ಯಾಸದ ಜೊತೆ ದಂಡವೂ ಬೀಳುತ್ತದೆ. ಇನ್ನೊಂದು ಮಾತು, ರೈಲಿನವಳಾದರೂ ಹೇಳಿಬಿಡುತ್ತೇನೆ. ನಿಮ್ಮ ಮನೆಯ ಹೆಣ್ಣುಮಕ್ಕಳು ರಾಜ್ಯದೊಳಗೇ ಓಡಾಡುವುದಾದರೆ, 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಸಾಮಾನ್ಯ ಬಸ್ಸು ಉಚಿತ. ಅದಕ್ಕಿಂತ ಅಗ್ಗದ ರೈಲು ಟಿಕೆಟ್ ನಾನು ಎಲ್ಲಿಂದ ತರಲಿ?

ಪ್ರಶ್ನೆ: ಮಗ ಇಂಗ್ಲೆಂಡಿನಲ್ಲಿದ್ದಾನೆ. ಅಲ್ಲಿ ಒಂದೇ ಪ್ರಯಾಣಕ್ಕೆ ಟಿಕೆಟ್ ತುಂಡು ತುಂಡಾಗಿ ಕೊಂಡರೆ ಎಷ್ಟೋ ಸಲ ಅಗ್ಗವಾಗುತ್ತದಂತೆ. ನಾವಿಬ್ಬರೂ ಬೆಂಗಳೂರಿನಿಂದ ದೆಹಲಿಗೆ ಹೋಗಬೇಕು. ದಾರಿಯಲ್ಲಿ ಭೋಪಾಲ್, ಆಗ್ರಾ ನೋಡುವ ಆಸೆ. ಮೂರು ಟಿಕೆಟ್ ಮಾಡಿಸಿದರೆ ಉಳಿತಾಯವೇ? (ಧಾರವಾಡದ ಓದುಗರು)

ದಯವಿಟ್ಟು ತುಂಡು ಮಾಡಬೇಡಿ. ನಿಮ್ಮ ಮಗ ಹೇಳಿದ್ದು ಅಲ್ಲಿಗೆ ಸರಿ. ಅಲ್ಲಿ ಒಂದೊಂದು ಜೋಡಿ ಊರಿಗೂ ಬೇರೆ ಬೇರೆ ದರ ನಿಗದಿಯಾಗಿರುತ್ತದೆ, ಹಾಗಾಗಿ ತುಂಡುಗಳು ಕೂಡಿದಾಗ ಕಡಿಮೆಯಾಗುವುದುಂಟು. ನಮ್ಮಲ್ಲಿ ದರ ಹೋಗುವುದು ಕಿಲೋಮೀಟರ್ ಲೆಕ್ಕದಲ್ಲಿ. ದೂರ ಹೆಚ್ಚಿದಂತೆ ಕಿಲೋಮೀಟರಿಗೆ ಬೀಳುವ ದರ ಇಳಿಯುತ್ತದೆ. ನಮ್ಮ ಕಡೆ ಸಂತೆಯಲ್ಲಿ ಒಂದು ತೆಂಗಿನಕಾಯಿಗೆ ಒಂದು ರೇಟು, ನೂರು ಕಾಯಿ ಒಟ್ಟಿಗೆ ಕೊಂಡರೆ ಇನ್ನೊಂದು ರೇಟು. ಅದೇ ಲೆಕ್ಕ. ಇಲ್ಲಿಂದ ದೆಹಲಿಗೆ 2,000 ಕಿಲೋಮೀಟರಿಗೂ ಜಾಸ್ತಿ. ಅದನ್ನು ಮೂರು ತುಂಡು ಮಾಡಿದರೆ ಒಂದೊಂದು ತುಂಡಿಗೂ ಮೊದಲ ಕಿಲೋಮೀಟರುಗಳ ಜಾಸ್ತಿ ದರ ಕೊಡುತ್ತೀರಿ.

ಹಾಗಾದರೆ ಭೋಪಾಲ್, ಆಗ್ರಾ ಬಿಡಬೇಕೇ? ಬೇಕಿಲ್ಲ. ಇದಕ್ಕೆ ಬ್ರೇಕ್ ಜರ್ನಿ ಎಂಬ ಸೌಲಭ್ಯ ಇದೆ. ನಾನು ಕಿಟಕಿಯಲ್ಲಿ ಕೂತಿದ್ದಷ್ಟು ವರ್ಷವೂ ಇದನ್ನು ತಾವಾಗಿ ಕೇಳಿದವರನ್ನು ಬೆರಳಲ್ಲಿ ಎಣಿಸಬಹುದು. ಟಿಕೆಟ್ 500 ಕಿಲೋಮೀಟರ್ ಮೀರಿದ್ದರೆ ದಾರಿಯಲ್ಲಿ ಒಂದು ಕಡೆ ಇಳಿಯಬಹುದು. 1,000 ಮೀರಿದ್ದರೆ ಎರಡು ಕಡೆ. ಒಂದೊಂದು ಕಡೆ ಎರಡು ದಿನ ಇರಬಹುದು. ಇಳಿಯುವ ದಿನ, ಮತ್ತೆ ಹತ್ತುವ ದಿನ ಆ ಎರಡರ ಲೆಕ್ಕಕ್ಕೆ ಬರುವುದಿಲ್ಲ. ಮೊದಲ ಇಳಿತ ಮಾತ್ರ ಹೊರಟ ಊರಿನಿಂದ 500 ಕಿಲೋಮೀಟರ್ ದಾಟಿದ ಮೇಲೆ ಆಗಬೇಕು. ಕರ್ನಾಟಕ ಎಕ್ಸ್‌ಪ್ರೆಸ್ ದಾರಿಯಲ್ಲಿ ಭೋಪಾಲ್, ಆಗ್ರಾ ಕ್ಯಾಂಟ್ ಎರಡೂ ಸಿಗುತ್ತವೆ. ಭೋಪಾಲದಲ್ಲಿ ಇಳಿದರೆ ಸಾಂಚಿ ಸ್ತೂಪವನ್ನೂ ನೋಡಿ ಬನ್ನಿ, ಹತ್ತಿರವೇ ಇದೆ.

ಇದನ್ನು ಫೋನಿನಲ್ಲಿ ಮಾಡಲು ಹೋಗಬೇಡಿ. ಕೌಂಟರಿಗೆ ಹೋಗಿ, ಫಾರಂ ತುಂಬುವಾಗಲೇ ಎಲ್ಲಿ ಇಳಿಯುತ್ತೀರಿ, ಮುಂದೆ ಯಾವ ದಿನ ಯಾವ ರೈಲು ಎಂದು ಬರೆದುಕೊಡಿ. ಬೆಳಿಗ್ಗೆ ಗದ್ದಲದ ಹೊತ್ತಿನಲ್ಲಿ ಹೋಗಬೇಡಿ. ಮಧ್ಯಾಹ್ನ ಊಟದ ನಂತರ ಹೋದರೆ ಒಳಗಿರುವವರಿಗೂ ಪುರುಸೊತ್ತು ಇರುತ್ತದೆ, ಕೂತು ಮಾಡಿಕೊಡುತ್ತಾರೆ. ಮುಂದಿನ ರೈಲಿನ ರಿಸರ್ವೇಶನ್ ಶುಲ್ಕ, ಸೂಪರ್‌ಫಾಸ್ಟ್ ಶುಲ್ಕ ಬೇರೆ ಬೀಳಬಹುದು. ಆದರೆ ದೊಡ್ಡ ಮೊತ್ತವಾದ ಮೂಲ ದರ ಒಂದೇ ಉದ್ದ ಟಿಕೆಟಿನದು. ರಾಜಧಾನಿ, ಶತಾಬ್ದಿಗಳಲ್ಲಿ ಬ್ರೇಕ್ ಜರ್ನಿ ಇಲ್ಲ.

ಇನ್ನೂ ದೊಡ್ಡ ಸುತ್ತು ಹೊಡೆಯುವ ಯೋಚನೆಯಿದ್ದರೆ ಸರ್ಕ್ಯುಲರ್ ಜರ್ನಿ ಟಿಕೆಟ್ ಕೇಳಿ. ಬೆಂಗಳೂರಿನಿಂದ ಹೊರಟು ಬೆಂಗಳೂರಿಗೇ ಮರಳಬೇಕು, ನಡುವೆ ಎಂಟು ಕಡೆ ಇಳಿಯಬಹುದು. ಒಟ್ಟು ದೂರವನ್ನು ಎರಡು ಸಮ ಭಾಗ ಮಾಡಿ, ಎರಡು ಉದ್ದ ಪ್ರಯಾಣದಂತೆ ದರ ಹಾಕುತ್ತಾರೆ. ಒಂದು ಸಲ ಅರಸೀಕೆರೆಯ ಇಬ್ಬರು ಮೇಷ್ಟರು ಪತ್ನಿಯರ ಜೊತೆ ಬಂದು, ಕೈಯಲ್ಲಿ ಬರೆದ ಭೂಪಟ ತೋರಿಸಿ ಕಾಶಿ, ಗಯಾ, ಪುರಿ ಸೇರಿಸಿ ಈ ಟಿಕೆಟ್ ಮಾಡಿಸಿದರು. ಮೂರು ವಾರದ ಮೇಲೆ ಕೌಂಟರಿಗೆ ಬಂದು ಪುರಿಯ ಪ್ರಸಾದ ಕೊಟ್ಟು ಹೋದರು. ನಾನು ಮಾಡಿಕೊಟ್ಟ ಟಿಕೆಟ್‌ಗಳಲ್ಲಿ ಅದನ್ನು ಇವತ್ತಿಗೂ ಮರೆತಿಲ್ಲ.

ಪ್ರಶ್ನೆ: ಮೈಸೂರಿನಿಂದ ಚೆನ್ನೈಗೆ ಶತಾಬ್ದಿ ನೋಡಿದಾಗಲೆಲ್ಲ ದರ ಬೇರೆ ಬೇರೆ ತೋರಿಸುತ್ತದೆ. ನೀವು ದರ ಒಂದೇ ಅನ್ನುತ್ತೀರಲ್ಲ? (ಮೈಸೂರಿನ ಓದುಗರು)

ನಿಮ್ಮ ರೈಲು ಆ ನಿಯಮಕ್ಕೆ ಹೊರಗಿನದು. ರಾಜಧಾನಿ, ಶತಾಬ್ದಿ, ದುರಂತೋ ರೈಲುಗಳಿಗೆ 2016ರ ಸೆಪ್ಟೆಂಬರ್ 9ರಿಂದ ಫ್ಲೆಕ್ಸಿ ದರ ಬಂದಿದೆ. ನೂರರಲ್ಲಿ ಹತ್ತು ಸೀಟು ಮಾರಾಟವಾದಾಗ ಮೂಲ ದರ ಶೇ 10 ಏರುತ್ತದೆ. ಮುಂದಿನ ಹತ್ತಕ್ಕೆ ಮತ್ತೆ ಏರುತ್ತದೆ. ಒಂದು ಮಿತಿ ಮುಟ್ಟಿದ ಮೇಲೆ ನಿಲ್ಲುತ್ತದೆ. ಇಂಥ ರೈಲಿನಲ್ಲಿ ಮಾತ್ರ ಮುಂಚೆ ಬುಕ್ ಮಾಡಿದವರಿಗೇ ಲಾಭ. ಬುಕಿಂಗ್ ಶುರುವಾದ ವಾರದಲ್ಲೇ ತೆಗೆದುಬಿಡಿ.

ವಂದೇ ಭಾರತ್‌ನಲ್ಲಿ ಈ ಏರಿಕೆ ಇಲ್ಲ, ಆದರೆ ಮೂಲ ದರವೇ ಜಾಸ್ತಿ. ರಾತ್ರಿ ಹೊರಡಲು ಒಪ್ಪುವುದಾದರೆ ಕಾವೇರಿ ಎಕ್ಸ್‌ಪ್ರೆಸ್ ಇದೆ. ನಂಬರ್ 16ರಿಂದ ಶುರು, ಸ್ಲೀಪರ್ ಇದೆ, ಒಂದು ರಾತ್ರಿಯ ಲಾಡ್ಜ್ ಖರ್ಚೂ ಉಳಿಯುತ್ತದೆ. ಚೆನ್ನೈಗೆ ಹೋಗುವವರಿಗೆ ನಾನು ಹೇಳುವುದು ಇದನ್ನೇ.

ಶತಾಬ್ದಿ ಅಥವಾ ವಂದೇ ಭಾರತ್ ಹತ್ತಲೇಬೇಕು ಅಂದರೆ ಊಟದ ಆಯ್ಕೆ ನೋಡಿ. ಊಟ ಬೇಡ ಎಂದು ಬುಕ್ ಮಾಡುವಾಗಲೇ ಗುರುತು ಹಾಕಬಹುದು, ಆ ದುಡ್ಡು ಕಡಿಮೆಯಾಗುತ್ತದೆ. ಮನೆಯಿಂದ ಚಪಾತಿ ಕಟ್ಟಿಕೊಂಡು ಹೋಗುವವರು ಸುಮ್ನೆ ಎರಡೂ ಖರ್ಚು ಮಾಡುವುದು ನೋಡಿದ್ದೇನೆ. ಬೇರೆ ದೂರದ ರೈಲುಗಳಲ್ಲಿ ತ್ರೀ ಎಸಿ ಎಕಾನಮಿ ಬೋಗಿ ಇದೆಯೇ ನೋಡಿ. 2021ರಲ್ಲಿ ಶುರುವಾದದ್ದು. ತ್ರೀ ಎಸಿಗಿಂತ ದರ ಶೇ 6ರಿಂದ 8 ಕಡಿಮೆ. ಬರ್ತ್ ಸ್ವಲ್ಪ ಒತ್ತೊತ್ತು, ತಂಪು ಅದೇ.

ಪ್ರಶ್ನೆ: ದೀಪಾವಳಿಗೆ ತುಮಕೂರಿನಿಂದ ಘಟಪ್ರಭಾಕ್ಕೆ ಹೋಗಬೇಕು. ಪ್ರತಿ ವರ್ಷ ವೇಟಿಂಗ್ ಲಿಸ್ಟ್, ಆಮೇಲೆ ತತ್ಕಾಲ್. ಹಬ್ಬದ ಖರ್ಚಿನಷ್ಟೇ ಟಿಕೆಟ್ ಖರ್ಚು. ಏನು ಮಾಡಲಿ? (ತುಮಕೂರಿನ ಓದುಗರು)

ಹಬ್ಬದ ದಿನ ಕ್ಯಾಲೆಂಡರಿನಲ್ಲಿ ವರ್ಷದ ಮೊದಲೇ ಇರುತ್ತದೆ. ಆದ್ದರಿಂದ ಬುಕಿಂಗ್ ತೆರೆಯುವ ದಿನಕ್ಕೂ ಅದರಲ್ಲೇ ಗುರುತು ಹಾಕಿ. ಮೊದಲು ಪ್ರಯಾಣಕ್ಕೆ 120 ದಿನ ಮುಂಚೆ ತೆರೆಯುತ್ತಿತ್ತು. 2024ರ ನವೆಂಬರ್ 1ರಿಂದ 60 ದಿನ. ಬೆಳಿಗ್ಗೆ 8ಕ್ಕೆ ತೆರೆಯುತ್ತದೆ. ನಾಲ್ಕು ತಿಂಗಳ ಹಳೆಯ ಅಭ್ಯಾಸದಲ್ಲಿ ಇರುವವರು, "ಅಯ್ಯೋ ಮುಗಿದುಹೋಯಿತು" ಎಂದು ಸುಮ್ಮನಾಗುವವರು, ಇಬ್ಬರೂ ಈ 60 ನೆನಪಿಡಿ.

ಎರಡನೆಯ ವಿಷಯ ಕೋಟಾ. ನಿಮ್ಮ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹೊರಡುವುದು ಬೆಂಗಳೂರಿನಿಂದ. ಹೊರಡುವ ಊರಿಗೆ ಬರ್ತ್‌ಗಳು ಜಾಸ್ತಿ, ನಡುವಿನ ಊರುಗಳಿಗೆ ಕಡಿಮೆ. ತುಮಕೂರಿನಿಂದ ಕೇಳಿದಾಗ ಪೂಲ್ಡ್ ಕೋಟಾ ಅಥವಾ ರಿಮೋಟ್ ಕೋಟಾ ವೇಟಿಂಗ್, ಅಂದರೆ ನಡುವಿನ ಊರುಗಳ ಪಾಲಿನ ವೇಟಿಂಗ್ ಎಂದು ತೋರಿಸಿದರೆ, ಬೆಂಗಳೂರಿನಿಂದಲೂ ಒಮ್ಮೆ ಕೇಳಿ ನೋಡಿ. ಅಲ್ಲಿ ಸೀಟು ಇರಬಹುದು. ಇಲ್ಲದಿದ್ದರೂ ಜನರಲ್ ವೇಟಿಂಗ್ ಲಿಸ್ಟ್ ಬೇಗ ಸರಿಯುತ್ತದೆ. ಟಿಕೆಟ್ ಬೆಂಗಳೂರಿನಿಂದ ತೆಗೆದು, ಹತ್ತುವ ನಿಲ್ದಾಣ ತುಮಕೂರು ಎಂದು ಹಾಕಿ. ಬೋರ್ಡಿಂಗ್ ಬದಲಾವಣೆಗೆ ಶುಲ್ಕ ಇಲ್ಲ. ಆಮೇಲೆ ಬದಲಿಸುವುದಾದರೆ ರೈಲು ಹೊರಡುವ 24 ಗಂಟೆಗೆ ಮುಂಚೆ ಮಾಡಿಬಿಡಿ. ಬದಲಿಸಿದ ಮೇಲೆ ಬೆಂಗಳೂರಿನಲ್ಲಿ ಹತ್ತುವ ಹಕ್ಕು ಇರುವುದಿಲ್ಲ. ಸುಮಾರು 70 ಕಿಲೋಮೀಟರಿನ ದರ ಜಾಸ್ತಿ ಕೊಟ್ಟಂತಾಯಿತು, ನಿಜ. ಆದರೆ ತತ್ಕಾಲ್ ಲೆಕ್ಕ ಕೇಳಿ.

ತತ್ಕಾಲ್ ಶುಲ್ಕ ಮೂಲ ದರದ ಶೇ 30. ಸೆಕೆಂಡ್ ಸಿಟಿಂಗ್‌ಗೆ ಮಾತ್ರ ಶೇ 10. ಸ್ಲೀಪರ್‌ನಲ್ಲಿ ಒಬ್ಬರಿಗೆ 100ರಿಂದ 200, ತ್ರೀ ಎಸಿಯಲ್ಲಿ 300ರಿಂದ 400, ಟೂ ಎಸಿಯಲ್ಲಿ 400ರಿಂದ 500. ಇದರ ಜೊತೆ ಹೆಚ್ಚಿನವರ ಕಣ್ಣಿಗೆ ಬೀಳದ ಇನ್ನೊಂದು ನಿಯಮ ಇದೆ. ತತ್ಕಾಲ್‌ನಲ್ಲಿ ಸ್ಲೀಪರ್, ತ್ರೀ ಎಸಿಗೆ ಕನಿಷ್ಠ 500 ಕಿಲೋಮೀಟರಿನ ದರ. ನೀವು 250 ಕಿಲೋಮೀಟರ್ ಹೋದರೂ 500ರ ದುಡ್ಡು. ಹತ್ತಿರದ ಊರಿಗೆ ತತ್ಕಾಲ್ ಸ್ಲೀಪರ್ ಬೇಡವೇ ಬೇಡ. ಹಾಗೆ ನೋಡಿದರೆ ಸಾಮಾನ್ಯ ಸ್ಲೀಪರ್ ಟಿಕೆಟಿಗೂ ಕನಿಷ್ಠ 200 ಕಿಲೋಮೀಟರಿನ ದರ ಕೊಡಬೇಕು. ಮತ್ತೆ ತತ್ಕಾಲ್ ಟಿಕೆಟ್ ಕನ್‌ಫರ್ಮ್ ಆಗಿದ್ದರೆ, ರದ್ದು ಮಾಡಿದಾಗ ಒಂದು ಪೈಸೆ ಬರುವುದಿಲ್ಲ. ಪ್ರೀಮಿಯಂ ತತ್ಕಾಲ್ ಅಂತೂ ಸೀಟು ಖಾಲಿಯಾದಂತೆ ಏರುತ್ತಲೇ ಹೋಗುತ್ತದೆ. ಬುಕ್ ಮಾಡುವಾಗ ಎರಡೂ ಅಕ್ಕಪಕ್ಕ ಕಾಣುತ್ತವೆ, ಅವಸರದಲ್ಲಿ ಬೆರಳು ಅತ್ತ ಹೋಗದಿರಲಿ.

ತತ್ಕಾಲ್ ಬಿಟ್ಟು ಬೇರೆ ದಾರಿಯೇ ಇಲ್ಲ ಎಂದಾದರೆ ಸಮಯ ತಪ್ಪಿಸಬೇಡಿ. ಎಸಿಗೆ ಹಿಂದಿನ ದಿನ ಬೆಳಿಗ್ಗೆ 10, ಎಸಿ ಇಲ್ಲದ ಬೋಗಿಗೆ 11. ಈ ಹಿಂದಿನ ದಿನ ಎನ್ನುವುದು ರೈಲು ಮೊದಲ ನಿಲ್ದಾಣ ಬಿಡುವ ದಿನದ ಲೆಕ್ಕ. ಅಲ್ಲಿಂದ ಹೊರಟ ಮರುದಿನ ರೈಲು ನಿಮ್ಮೂರಿಗೆ ಬರುವುದಾದರೆ, ನಿಮ್ಮ ಪ್ರಯಾಣಕ್ಕೆ ಎರಡು ದಿನ ಮುಂಚೆಯೇ ತತ್ಕಾಲ್ ತೆರೆದಿರುತ್ತದೆ. ಎಷ್ಟು ಜನ ಒಂದು ದಿನ ತಡವಾಗಿ ಬಂದು ಬೇಜಾರು ಮಾಡಿಕೊಂಡು ಹೋಗಿದ್ದಾರೋ! 2025ರ ಜುಲೈಯಿಂದ ಆನ್‌ಲೈನ್ ತತ್ಕಾಲ್‌ಗೆ ಆಧಾರ್ ಜೋಡಿಸಿದ ಖಾತೆಯೇ ಬೇಕು. ಆ ಕೆಲಸ ಇವತ್ತೇ ಮುಗಿಸಿಡಿ.

ಹಬ್ಬದ ಸ್ಪೆಷಲ್ ರೈಲುಗಳ ನಂಬರ್ 0ಯಿಂದ ಶುರುವಾಗುತ್ತದೆ. ಅವುಗಳಲ್ಲಿ ಎಷ್ಟೋ ರೈಲುಗಳಿಗೆ ವಿಶೇಷ ದರ, ತತ್ಕಾಲ್‌ನಷ್ಟೇ ಜಾಸ್ತಿ. ಮೊದಲು ಮಾಮೂಲಿ ರೈಲು ನೋಡಿ, ಸಿಗದಿದ್ದರೆ ಮಾತ್ರ ಇತ್ತ ಬನ್ನಿ.

ಇನ್ನೊಂದು ಅವಕಾಶ ಇದೆ, ಒಂಟಿಯಾಗಿ ಹೋಗುವವರಿಗೆ. ಚಾರ್ಟ್, ಅಂದರೆ ಯಾರಿಗೆ ಯಾವ ಸೀಟು ಎಂಬ ಪಟ್ಟಿ, ತಯಾರಾದ ಮೇಲೆ ಉಳಿದ ಸೀಟುಗಳನ್ನು ಕರೆಂಟ್ ಬುಕಿಂಗ್‌ನಲ್ಲಿ ಮಾರುತ್ತಾರೆ. 2017ರ ಜನವರಿಯಿಂದ ಆ ಟಿಕೆಟ್‌ಗಳ ಮೂಲ ದರದಲ್ಲಿ ಶೇ 10 ರಿಯಾಯಿತಿ ಇದೆ. ಹಬ್ಬದ ದಿನ ಇದನ್ನು ನಂಬಿ ಕೂರಬೇಡಿ. ಮಳೆಗಾಲದ ಮಂಗಳವಾರ ನಂಬಬಹುದು.

ಪ್ರಶ್ನೆ: ಮಗಳು ತುಮಕೂರಿನಿಂದ ಬೆಂಗಳೂರಿಗೆ ದಿನಾ ಕಾಲೇಜಿಗೆ ಹೋಗುತ್ತಾಳೆ. ಬಿಎಸ್ಸಿ ಎರಡನೇ ವರ್ಷ. ದಿನಾ ಟಿಕೆಟ್ ತೆಗೆದು ಸಾಕಾಗಿದೆ. (ಇನ್ನೊಬ್ಬ ತುಮಕೂರಿನ ಓದುಗರು)

ಈ ಪತ್ರ ಓದಿ ನನಗೆ ಸಂಕಟವಾಯಿತು. ನಿಮ್ಮ ಮಗಳು ದಿನಾ ದುಡ್ಡು ಕೊಡಬೇಕಾಗಿಯೇ ಇರಲಿಲ್ಲ. ಮನೆಯಿಂದ ಶಾಲೆ, ಕಾಲೇಜಿಗೆ ಓಡಾಡಲು ಹುಡುಗಿಯರಿಗೆ ಪದವಿ ಮುಗಿಯುವವರೆಗೆ, ಹುಡುಗರಿಗೆ 12ನೇ ತರಗತಿಯವರೆಗೆ ಸೆಕೆಂಡ್ ಕ್ಲಾಸಿನ ಮಾಸಿಕ ಸೀಸನ್ ಟಿಕೆಟ್ ಉಚಿತ. ಕಾಲೇಜಿನಿಂದ ಪ್ರಮಾಣಪತ್ರ ಬರೆಸಿಕೊಂಡು ಸ್ಟೇಷನ್‌ಗೆ ಹೋಗಿ ಕೇಳಿ. ನಾಳೆಯೇ ಹೋಗಿ.

ಕೆಲಸಕ್ಕೆ ಓಡಾಡುವವರಿಗೂ ಸೀಸನ್ ಟಿಕೆಟ್‌ಗಿಂತ ಅಗ್ಗದ್ದು ಬೇರೆ ಇಲ್ಲ. 150 ಕಿಲೋಮೀಟರ್ ದೂರದವರೆಗೆ ಕೊಡುತ್ತಾರೆ. ಅಂದರೆ ಬೆಂಗಳೂರಿನಿಂದ ಮೈಸೂರಿನವರೆಗೂ ಸಿಗುತ್ತದೆ. ತಿಂಗಳಿನದು ಸುಮಾರು 15 ಒಂಟಿ ಪ್ರಯಾಣದ ದರದಷ್ಟು. ತಿಂಗಳಲ್ಲಿ 25 ದಿನ ಹೋಗಿ ಬಂದರೆ 50 ಪ್ರಯಾಣ. ನೀವೇ ಲೆಕ್ಕ ಹಾಕಿ. ಮೂರು ತಿಂಗಳಿನದು ಒಟ್ಟಿಗೆ ತೆಗೆದರೆ 2.7 ತಿಂಗಳ ದುಡ್ಡು. ಸೂಪರ್‌ಫಾಸ್ಟ್‌ನಲ್ಲೂ ಹತ್ತುವುದಾದರೆ ಅದರ ಶುಲ್ಕ ಬೇರೆ ಕಟ್ಟಬೇಕು. ರಿಸರ್ವ್ ಬೋಗಿಯಲ್ಲಿ ಇದು ನಡೆಯುವುದಿಲ್ಲ.

ಪ್ರಶ್ನೆ: ಮಕ್ಕಳಿಬ್ಬರು, ಒಬ್ಬನಿಗೆ 4 ವರ್ಷ, ಒಬ್ಬಳಿಗೆ 8. ಎಷ್ಟು ಟಿಕೆಟ್? (ಶಿವಮೊಗ್ಗದ ಓದುಗರು)

ನಾಲ್ಕರವನಿಗೆ ಬೇರೆ ಬರ್ತ್ ಕೇಳದಿದ್ದರೆ ಟಿಕೆಟ್ ಬೇಡ. ಎಂಟರವಳಿಗೆ ಬರ್ತ್ ಬೇಡ ಎಂದರೆ ಅರ್ಧ, ಬೇಕೆಂದರೆ ಪೂರ್ತಿ. 5 ತುಂಬಿ 12 ತುಂಬುವವರೆಗೆ ಇದೇ ನಿಯಮ, 2016ರ ಏಪ್ರಿಲ್ 21ರಿಂದ. ಚೇರ್ ಕಾರ್‌ನಲ್ಲಿ ಅರ್ಧದ ಆಯ್ಕೆ ಇಲ್ಲ. ಹಾಗಾಗಿ ಹಗಲು ಪ್ರಯಾಣವಾದರೂ ಕೆಲವೊಮ್ಮೆ ಸ್ಲೀಪರ್ ಲಾಭ.

ಪ್ರಶ್ನೆ: ಖಚಿತವಾಗಿರಲಿ ಎಂದು ಎರಡು ರೈಲಿಗೆ ಬುಕ್ ಮಾಡಿ, ಆಮೇಲೆ ಒಂದನ್ನು ರದ್ದು ಮಾಡುತ್ತೇವೆ. ಇದರಲ್ಲಿ ಎಷ್ಟು ಹೋಗುತ್ತದೆ? (ಹುಬ್ಬಳ್ಳಿಯ ಓದುಗರು)

ಜಾಸ್ತಿಯೇ ಹೋಗುತ್ತದೆ. ಕನ್‌ಫರ್ಮ್ ಆದ ಸ್ಲೀಪರ್ ಟಿಕೆಟ್‌ಗೆ ಒಬ್ಬರಿಗೆ ಕನಿಷ್ಠ 120 ಕಡಿತ, ತ್ರೀ ಎಸಿಗೆ 180, ಟೂ ಎಸಿಗೆ 200. ಹೊರಡುವ ಹೊತ್ತು ಹತ್ತಿರವಾದಂತೆ ಕಡಿತ ಇನ್ನೂ ಏರುತ್ತದೆ. ನಾಲ್ವರ ಸ್ಲೀಪರ್ ಅಂದರೆ 480 ರೂಪಾಯಿ ನೀರಿಗೆ ಹಾಕಿದಂತೆ. ಆನ್‌ಲೈನ್‌ನಲ್ಲಿ ಕಟ್ಟಿದ ಕನ್ವೀನಿಯನ್ಸ್ ಶುಲ್ಕವೂ ವಾಪಸ್ ಬರುವುದಿಲ್ಲ. ಆ ಶುಲ್ಕ ಯುಪಿಐಯಲ್ಲಿ ಕಟ್ಟಿದರೆ ಎಸಿ ಇಲ್ಲದ ಟಿಕೆಟ್‌ಗೆ 10, ಎಸಿಗೆ 20. ಬೇರೆ ರೀತಿಯಲ್ಲಿ ಕಟ್ಟಿದರೆ 15 ಮತ್ತು 30. ಮೇಲೆ ಜಿಎಸ್‌ಟಿ. ಇದು ತಲೆಗೆ ಅಲ್ಲ, ಟಿಕೆಟ್‌ಗೆ. ಆರು ಜನರವರೆಗೆ ಒಂದೇ ಟಿಕೆಟ್‌ನಲ್ಲಿ ಹಾಕಬಹುದು. ಕೌಂಟರಿನಲ್ಲಿ ತೆಗೆದರೆ ಈ ಶುಲ್ಕವೇ ಇಲ್ಲ.

ಮನೆಯಲ್ಲಿ ಒಬ್ಬರು ಹೋಗಲಾಗದೆ ಇನ್ನೊಬ್ಬರು ಹೋಗುವುದಾದರೆ ರದ್ದು ಮಾಡಬೇಡಿ. ಅಪ್ಪ, ಅಮ್ಮ, ಗಂಡ, ಹೆಂಡತಿ, ಮಕ್ಕಳು, ಅಣ್ಣತಮ್ಮ, ಅಕ್ಕತಂಗಿ, ಇಷ್ಟು ಜನರ ಹೆಸರಿಗೆ ಕನ್‌ಫರ್ಮ್ ಟಿಕೆಟ್ ವರ್ಗಾಯಿಸಬಹುದು. ಹೊರಡುವ 24 ಗಂಟೆ ಮುಂಚೆ, ಗುರುತಿನ ಚೀಟಿ ಮತ್ತು ಸಂಬಂಧದ ದಾಖಲೆ ಹಿಡಿದು ಕೌಂಟರಿಗೆ ಹೋಗಬೇಕು. ಒಂದು ಸಲ ಮಾತ್ರ.

ಪ್ರಶ್ನೆ: ಏಜೆಂಟರ ಹತ್ತಿರ ಹೋದರೆ ಕನ್‌ಫರ್ಮ್ ಟಿಕೆಟ್ ಗ್ಯಾರಂಟಿ ಅನ್ನುತ್ತಾರೆ. ತಲೆಗೆ 400 ಜಾಸ್ತಿ. ಕೊಡಬಹುದೇ? (ಗದಗಿನ ಓದುಗರು)

ಕೊಡಬೇಡಿ. ನನ್ನ ತಂಗಿಯ ಮನೆಯಲ್ಲೇ ಇದು ಆಯಿತು. ನನ್ನನ್ನು ಕೇಳಲು ಸಂಕೋಚವಾಗಿ ಯಾರೋ ಒಬ್ಬ ಏಜೆಂಟನಿಗೆ ಮೂರು ಟಿಕೆಟ್‌ಗೆ 1,200 ರೂಪಾಯಿ ಮೇಲೆ ಕೊಟ್ಟರು. ಟಿಕೆಟ್ ತೋರಿಸಿದಾಗ ನೋಡಿದೆ. ಅದು ಯಾರದೋ ವೈಯಕ್ತಿಕ ಖಾತೆಯಿಂದ ಬುಕ್ ಮಾಡಿದ್ದು. ಹಾಗೆ ಮಾರುವುದು ರೈಲ್ವೆ ಕಾಯ್ದೆ 1989ರ 143ನೇ ಕಲಮಿನ ಪ್ರಕಾರ ಅಪರಾಧ, ಮೂರು ವರ್ಷದವರೆಗೆ ಜೈಲು. ಅಂಥ ಟಿಕೆಟ್ ಸಿಕ್ಕಿಬಿದ್ದರೆ ರದ್ದಾಗಬಹುದು, ನೀವು ದಾರಿಯಲ್ಲಿ ನಿಲ್ಲುತ್ತೀರಿ. ಅಧಿಕೃತ ಏಜೆಂಟರಿಗೆ ನಿಗದಿಯಾದ ಸಣ್ಣ ಸೇವಾ ಶುಲ್ಕ ಇರುತ್ತದೆ. ಅದು ರಸೀದಿಯಲ್ಲಿ ಕಾಣುತ್ತದೆ. ಅದಕ್ಕಿಂತ ಜಾಸ್ತಿ ಕೇಳಿದರೆ ಎದ್ದು ಬನ್ನಿ.

ಪ್ರಶ್ನೆ: ನನಗೆ 67. ಮೊದಲು ಹಿರಿಯರಿಗೆ ಶೇ 40 ಕಡಿಮೆ ಇತ್ತು. ಈಗ ತಂದೆಯ ಚಿಕಿತ್ಸೆಗೆ ತಿಂಗಳಿಗೊಮ್ಮೆ ರಾಯಚೂರಿನಿಂದ ಬೆಂಗಳೂರಿಗೆ ಹೋಗಬೇಕು. ಅವರಿಗೆ 90, ಕ್ಯಾನ್ಸರ್. ಇಬ್ಬರಿಗೂ ಪೂರ್ತಿ ದರ ಕೊಡುತ್ತಿದ್ದೇವೆ. ಹಿರಿಯರ ರಿಯಾಯಿತಿ ಮತ್ತೆ ಬಂದಿದೆಯೇ? (ರಾಯಚೂರಿನ ಓದುಗರು)

ಹಿರಿಯರ ರಿಯಾಯಿತಿ ಬಂದಿಲ್ಲ. 60 ದಾಟಿದ ಗಂಡಸರಿಗೆ ಶೇ 40, 58 ದಾಟಿದ ಹೆಂಗಸರಿಗೆ ಶೇ 50 ಇತ್ತು. 2020ರ ಮಾರ್ಚ್ 20ರಿಂದ ನಿಲ್ಲಿಸಿದರು. ಅದು ಮರಳಬೇಕು ಎಂದು ನಾನು ಮನಸಾರೆ ಬಯಸುತ್ತೇನೆ. ಪಿಂಚಣಿ ಇಲ್ಲದ ಮುದುಕರು ಆ ಅರ್ಧ ಟಿಕೆಟ್‌ನಿಂದಲೇ ಮಕ್ಕಳ ಮುಖ ನೋಡಿ ಬರುತ್ತಿದ್ದರು. ಈಗ ಉಳಿದಿರುವುದು ಕೆಳಗಿನ ಬರ್ತ್ ಕೋಟಾ ಮಾತ್ರ. 60 ದಾಟಿದ ಗಂಡಸರು, 45 ದಾಟಿದ ಹೆಂಗಸರು ಒಬ್ಬರೇ ಅಥವಾ ಇಬ್ಬರೇ ಹೋಗುವಾಗ ಕೇಳಬಹುದು.

ಆದರೆ ನಿಮ್ಮ ತಂದೆಯದು ಬೇರೆ ವಿಷಯ. ರೋಗಿಗಳ ರಿಯಾಯಿತಿ, ಅಂಗವಿಕಲರ ರಿಯಾಯಿತಿ, ವಿದ್ಯಾರ್ಥಿಗಳ ರಿಯಾಯಿತಿ ನಿಂತಿಲ್ಲ. ಕ್ಯಾನ್ಸರ್ ಚಿಕಿತ್ಸೆಗೆ ಹೋಗುವ ರೋಗಿಗೆ ಸ್ಲೀಪರ್ ಮತ್ತು ತ್ರೀ ಎಸಿಯಲ್ಲಿ ಮೂಲ ದರ ಪೂರ್ತಿ ಮಾಫಿ. ಜೊತೆಗೆ ಹೋಗುವ ಒಬ್ಬರಿಗೆ ಶೇ 75 ಕಡಿಮೆ. ಅಂದರೆ ನಿಮಗೆ ಕಾಲು ಭಾಗ ಮಾತ್ರ. ರಿಸರ್ವೇಶನ್ ಶುಲ್ಕದಂಥ ಸಣ್ಣ ಮೊತ್ತ ಕೊಡಬೇಕಾಗುತ್ತದೆ, ಅಷ್ಟೇ.

ಅರಸೀಕೆರೆಯಲ್ಲಿ ಒಬ್ಬ ಹೆಂಗಸು ತಿಂಗಳಿಗೊಮ್ಮೆ ಗಂಡನ ಜೊತೆ ಬಂದು ಬೆಂಗಳೂರಿಗೆ ಟಿಕೆಟ್ ತೆಗೆಯುತ್ತಿದ್ದರು. ಚಿಲ್ಲರೆಯನ್ನು ಸೆರಗಿನ ತುದಿಯಲ್ಲಿ ಕಟ್ಟಿಕೊಂಡು ಬರುತ್ತಿದ್ದರು, ಎಣಿಸಿ ಎಣಿಸಿ ಕೊಡುತ್ತಿದ್ದರು. ಆರನೆಯ ಸಲವೋ ಏಳನೆಯ ಸಲವೋ, ಕ್ಯೂ ಇರಲಿಲ್ಲ. ಯಾಕಮ್ಮಾ ಪ್ರತಿ ತಿಂಗಳು ಎಂದು ಕೇಳಿದೆ. ಕಿದ್ವಾಯಿ ಆಸ್ಪತ್ರೆ ಎಂದರು. ನಾನು ಅಷ್ಟು ತಿಂಗಳು ಒಂದು ಮಾತು ಕೇಳಿರಲಿಲ್ಲವಲ್ಲ ಎಂದು ಆ ದಿನ ಊಟ ಸೇರಲಿಲ್ಲ. ಅವತ್ತಿನಿಂದ ತಿಂಗಳಿಗೊಮ್ಮೆ ಬರುವ ಯಾರನ್ನೂ ಕೇಳದೆ ಕಳಿಸಿಲ್ಲ.

ಈಗ ನೀವು ಮಾಡಬೇಕಾದ್ದು ಇಷ್ಟು. ಚಿಕಿತ್ಸೆ ಕೊಡುತ್ತಿರುವ ಆಸ್ಪತ್ರೆಯಲ್ಲಿ ರೈಲ್ವೆ ರಿಯಾಯಿತಿ ಫಾರಂ ಕೇಳಿ. ರೈಲ್ವೆಯದೇ ಒಂದು ನಮೂನೆ ಇದೆ, ಡಾಕ್ಟರ ಸಹಿ ಮತ್ತು ಸೀಲು ಬೇಕು. ರೋಗಿಯ ಹೆಸರು, ಎಲ್ಲಿಂದ ಎಲ್ಲಿಗೆ ಎಂಬುದನ್ನು ಸರಿಯಾಗಿ ಬರೆಸಿ. ಅದನ್ನು ಹಿಡಿದು ರಾಯಚೂರು ಸ್ಟೇಷನ್ ಕೌಂಟರಿಗೆ ಹೋಗಿ, ನೀವಿಬ್ಬರೂ ಒಂದೇ ಟಿಕೆಟ್‌ನಲ್ಲಿ ಬರುವಂತೆ ಮಾಡಿಸಿ. ಉದ್ಯಾನ್ ಎಕ್ಸ್‌ಪ್ರೆಸ್‌ನ ನಂಬರ್ 11ರಿಂದ ಶುರು, ಅದರಲ್ಲಿ ಸೂಪರ್‌ಫಾಸ್ಟ್ ಶುಲ್ಕವೂ ಇಲ್ಲ. ತಂದೆಗೆ ಕೆಳಗಿನ ಬರ್ತ್ ಬೇಕೆಂದು ಬಾಯಿಬಿಟ್ಟು ಹೇಳಿ. ಫಾರಂನ ಜೆರಾಕ್ಸ್ ಒಂದು ಜೇಬಿನಲ್ಲಿಟ್ಟುಕೊಳ್ಳಿ, ಟಿಟಿಇ ಕೇಳಿದರೆ ತೋರಿಸಲು ಬೇಕಾಗುತ್ತದೆ. ಯಾವುದಾದರೂ ಕೌಂಟರಿನಲ್ಲಿ ಗೊತ್ತಿಲ್ಲ ಎಂದರೆ ಬೇಜಾರಾಗಬೇಡಿ, ಮೇಲ್ವಿಚಾರಕರನ್ನು ಕೇಳಿ. ಅಲ್ಲೂ ಆಗದಿದ್ದರೆ 139ಕ್ಕೆ ಫೋನ್ ಮಾಡಿ. ಟಿಕೆಟ್ ಕೈಗೆ ಬಂದ ಮೇಲೆ ನನಗೆ ಒಂದು ಸಾಲು ಬರೆಯಿರಿ, ಕಾಯುತ್ತಿರುತ್ತೇನೆ.